ಉಬ್ಬಿ ಸತ್ತ ನಕ್ಷತ್ರಮೀನುಗಳು

ಲಾಡ್ಜಿನ ಮುಂಗೋಣೆಯಲ್ಲಿ ಬೆಳಗ್ಗೆ ದೊಡ್ಡ ರಂಪವೇ ನಡೆದಿತ್ತು. ಅಲ್ಲಿದ್ದ ಗಾಜಿನ ತೊಟ್ಟಿಯೊಳಗೆ, ಯಜಮಾನರು ಸ್ವಂತ ಮಕ್ಕಳಂತೆ ಸಾಕಿದ್ದ ನಕ್ಷತ್ರಮೀನುಗಳೆಲ್ಲ ಉಬ್ಬಿ, ಮೆತ್ತಗಾಗಿ ಸತ್ತು ಬಿದ್ದಿದ್ದವು.

"ಮೊನ್ನೆ ಬೈದೆ ಅಂತ ವಿಷ ಹಾಕಿ ಸೇಡು ತೀರಿಸ್ಕೊಂಡ್ಯಾ? ಸಂಜೆಯೊಳಗೆ ಗಂಟುಮೂಟೆ ಕಟ್ಟು!" ಎಂದು ಯಜಮಾನರು ಕೂಗಾಡುತ್ತಿದ್ದರು. ತೊಟ್ಟಿಯನ್ನು ನೋಡಿಕೊಳ್ಳುತ್ತಿದ್ದ ತೊಟ್ಟಿಮಾಮ ಗಾಜನ್ನು ಹಿಡಿದುಕೊಂಡು ನಿಂತಿದ್ದ. ವಯಸ್ಸಾದವನು, ಈ ಕೆಲಸ ಬಿಟ್ಟರೆ ಅವನಿಗೆ ಬೇರೆ ಗತಿಯಿರಲಿಲ್ಲ.

ಲಾಡ್ಜಿನ ಗುಮಾಸ್ತನಿಗೆ ಇದನ್ನು ನೋಡಲಾಗಲಿಲ್ಲ. ಅವನು ಮಹಡಿಯ ಕೋಣೆಗೆ ಓಡಿದ. ಅಲ್ಲಿ ವರ್ಷಗಳಿಂದ ಬಾಡಿಗೆಗಿದ್ದ ಮೇಡಂ ಹಿಂದೆ ಪ್ರಯೋಗಶಾಲೆಯಲ್ಲಿ ದುಡಿದವರು. ಕಳೆದ ಬೀಗದಕೈಯಿಂದ ಹಿಡಿದು ಓಡಿಹೋದ ಗಿರಾಕಿಯವರೆಗೆ ಎಲ್ಲವನ್ನೂ ಪತ್ತೆ ಮಾಡುತ್ತಿದ್ದರಿಂದ ಎಲ್ಲರೂ ಅವರನ್ನು ಬೆನ್ನ ಹಿಂದೆ 'ಭೂತಗನ್ನಡಿ' ಎನ್ನುತ್ತಿದ್ದರು.

ಮೇಡಂ ಕೆಳಗೆ ಬಂದು ತೊಟ್ಟಿಯನ್ನು ಇಣುಕಿದರು. "ಬೇರೆ ಮೀನುಗಳು ಆರಾಮಾಗಿ ಓಡಾಡ್ತಿವೆಯಲ್ಲ?" ಎಂದರು. ನೀರಿಗೆ ಬೆರಳದ್ದಿ ನಾಲಿಗೆಗೆ ಇಟ್ಟು, "ನೀವೂ ನೋಡಿ" ಎಂದರು.

ಗುಮಾಸ್ತ ಮುಖ ಕಿವುಚಿಕೊಂಡು ನೆಕ್ಕಿದ. "ಉಪ್ಪಿದೆ ಮೇಡಂ. ಆದ್ರೆ ಸಮುದ್ರದಷ್ಟು ಇಲ್ಲ." ವಿಷ ಹುಡುಕಲು ಬಂದವರು ಸಾರಿನ ರುಚಿ ನೋಡುವಂತೆ ನೋಡುತ್ತಿರುವುದೇಕೆಂದು ಅವನಿಗೆ ತಲೆಬುಡ ತಿಳಿಯಲಿಲ್ಲ.

"ದಿನಾ ಏನು ಮಾಡ್ತೀಯಪ್ಪ?" ಮೇಡಂ ತೊಟ್ಟಿಮಾಮನನ್ನು ಕೇಳಿದರು.

"ನೀರು ಆವಿಯಾಗಿ ಇಳಿದಷ್ಟೂ ತೊಟ್ಟಿ ಮೇಲಿರೋ ಗೆರೆವರೆಗೆ ಶೋಧಿಸಿದ ಸಿಹಿನೀರು ತುಂಬ್ತೀನಮ್ಮ. ಉಪ್ಪು ಆವಿಯಾಗಲ್ವಲ್ಲ, ಅದಕ್ಕೆ ಉಪ್ಪು ಹಾಕೋ ಹಾಗಿಲ್ಲ. ಈಗ ಬಿಸಿಲು ಜೋರು, ಜಾಸ್ತೀನೇ ಇಳೀತಿದೆ."

ಅಲ್ಲಿಂದ ಹಿತ್ತಿಲಿಗೆ ಹೋದ ಮೇಡಂ ಕುಂಡಗಳ ಬಳಿ ನಿಂತರು. ಮಣ್ಣು ಒದ್ದೆಯಾಗಿತ್ತು, ಆದರೂ ಗಿಡಗಳು ಬಾಡಿ ಜೋತುಬಿದ್ದಿದ್ದವು. ಜಗುಲಿಯಲ್ಲಿ ಯಜಮಾನರ ತಾಯಿ ಕಾಲು ಚಾಚಿ ಕೂತಿದ್ದರು. "ಮಂಡಿನೋವು ಹೇಗಿದೆ ಅಜ್ಜಿ?" ಎಂದು ಮೇಡಂ ಕೇಳಿದರೆ, "ಒಂದು ತಿಂಗಳಿಂದ ವಾಸಿ ಕಣಮ್ಮ" ಎಂದು ಅಜ್ಜಿ ಬೀಗಿದರು. ಗುಮಾಸ್ತನಿಗೆ ರೇಗಿತು. ತೊಟ್ಟಿಮಾಮನ ಅನ್ನ ಹೋಗುತ್ತಿದೆ, ಇವರಿಗೆ ಅಜ್ಜಿಯ ಮಂಡಿ ಬೇಕಾಗಿದೆ!

ಸಂಜೆ ಎಲ್ಲರೂ ತೊಟ್ಟಿಯ ಸುತ್ತ ಸೇರಿದರು. ಅಜ್ಜಿಗೆ ಕುರ್ಚಿ ಹಾಕಿದ್ದರು.

"ವಿಷವಾಗಿದ್ರೆ ಮೀನೂ ಸಾಯ್ತಿದ್ವು" ಎಂದು ಮೇಡಂ ಶುರು ಮಾಡಿದರು. "ನಾವೆಲ್ಲ ಒಳಗೆ ಏನು ಹಾಕಿದ್ರು ಅಂತ ಹುಡುಕಿದ್ವಿ. ಹೊರಗೆ ಏನು ಹೋಯ್ತು ಅಂತ ನೋಡಲಿಲ್ಲ. ಹೋಗಿದ್ದು ಉಪ್ಪು."

"ಉಪ್ಪು ಕಮ್ಮಿಯಾದ್ರೆ ಸಾಯ್ತಾವಾ?" ಯಜಮಾನರು ಕಣ್ಣು ಕಣ್ಣು ಬಿಟ್ಟರು.

"ಜೀವಕೋಶಕ್ಕೆ ತೆಳ್ಳನೆ ಪೊರೆ ಇರುತ್ತೆ. ನೀರು ಅದರಲ್ಲಿ ಸಲೀಸಾಗಿ ನುಸುಳುತ್ತೆ, ಉಪ್ಪು ಹಾಗೆ ನುಸುಳಲ್ಲ. ಎಲ್ಲಿ ಉಪ್ಪು ಜಾಸ್ತಿಯೋ ನೀರು ಆ ಕಡೆಗೆ ಹೋಗುತ್ತೆ. ಹೊರಗೆ ಸಪ್ಪೆಯಾದಾಗ ನಕ್ಷತ್ರಮೀನಿನ ಒಳಗೆ ನೀರು ನುಗ್ಗಿ ಅದು ಉಬ್ಬಿತು. ಮೀನಿನ ಮೂತ್ರಪಿಂಡ ಹೆಚ್ಚಾದ ನೀರನ್ನ ಹೊರಗೆ ಹಾಕುತ್ತೆ, ಇದಕ್ಕೆ ಆ ಅನುಕೂಲ ಇಲ್ಲ. ಕುಂಡದಲ್ಲಿ ಆಗಿದ್ದು ಅದರ ತಿರುಗಾಮುರುಗಾ. ಮಣ್ಣಿಗೆ ಉಪ್ಪುನೀರು ಬಿದ್ದು, ಬೇರಿನ ನೀರೇ ಹೊರಗೆ ಹೋಯ್ತು. ಅಂದ್ರೆ ತೊಟ್ಟಿಯ ಉಪ್ಪುನೀರು ದಿನಾ ಯಾರದೋ ಕೈಯಲ್ಲಿ ಹಿತ್ತಿಲಿಗೆ ಹೋಗ್ತಿತ್ತು. ಕಮ್ಮಿಯಾದಷ್ಟೂ ಸಿಹಿನೀರು ತುಂಬ್ತಾ ಬಂತು."

ಗುಮಾಸ್ತನ ಕಣ್ಣು ತಾನಾಗಿಯೇ ಅಜ್ಜಿಯ ಕಾಲಿನ ಮೇಲೆ ಬಿತ್ತು. ಅಜ್ಜಿ ಸೆರಗು ಹಿಡಿದುಕೊಂಡು ಮಗನನ್ನು ಪಿಳಿಪಿಳಿ ನೋಡಿದರು.

"ಸಮುದ್ರದ ನೀರಲ್ಲಿ ಕಾಲಿಡಿ ಅಂತ ಡಾಕ್ಟರು ಹೇಳಿದ್ರಲ್ಲ. ಕರ್ಕೊಂಡು ಹೋಗು ಅಂತ ನಿನ್ನ ಕೇಳಿದ್ರೆ ಬರೋ ವಾರ, ಬರೋ ವಾರ ಅಂದೆ. ಸಮುದ್ರ ಮನೇಲೇ ಇದೆಯಲ್ಲ ಅಂತ ದಿನಾ ಒಂದು ಬಕೆಟ್ ಮೊಗೆದೆ, ಆಮೇಲೆ ಗಿಡಕ್ಕೆ ಸುರಿದೆ. ಇದರಿಂದ ಅವು ಸಾಯ್ತವೆ ಅಂತ ನಂಗೇನು ಗೊತ್ತಪ್ಪ?"

ಯಜಮಾನರ ಮುಖ ಸಣ್ಣಗಾಯಿತು. "ತಪ್ಪಾಯ್ತು ಮಾರಾಯ. ಕೆಲಸ ಬಿಡಬೇಡ" ಎಂದು ತೊಟ್ಟಿಮಾಮನ ಕೈ ಹಿಡಿದರು.

ತೊಟ್ಟಿಮಾಮ ಮಾತ್ರ ನಿಂತಲ್ಲೇ ಕುಸಿದು ಬಿಕ್ಕಿಬಿಕ್ಕಿ ಅತ್ತ. "ಹಾಗಿದ್ರೆ ಸಿಹಿನೀರು ಹಾಕಿ ಕೊಂದಿದ್ದು ನನ್ನ ಕೈಯೇ ತಾನೇ?"

ಅಜ್ಜಿ ಕುರ್ಚಿಯಿಂದ ಕಷ್ಟಪಟ್ಟು ಎದ್ದು ಅವನ ಪಕ್ಕ ನೆಲದ ಮೇಲೆ ಕೂತರು.

"ಅಳಬೇಡ ಕಣೋ. ಮೊಗೆದೋಳು ನಾನು, ತುಂಬಿದೋನು ನೀನು. ನನ್ನ ಮಗ ಹೊರಗೆ ಹಾಕಿದ್ರೆ ಇಬ್ರನ್ನೂ ಹಾಕ್ಲಿ. ಒಟ್ಟಿಗೇ ಹೋಗೋಣ."