ನಾಡಿ ಎಣಿಸುವ ಹೊತ್ತು

ಒಳಗೆ ಹೋಗಲಾ? ಬೇಡವಾ? ಎಲ್ಲರೆದುರು ತೂಕದ ಯಂತ್ರ ಹತ್ತಿಸಿ ನಕ್ಕರೆ...?

ಹಾಸನದ ಕ್ರೀಡಾಂಗಣದ ಗೇಟಿನಲ್ಲೇ ಶ್ರೀಗೌರಿ ನಿಂತುಬಿಟ್ಟಳು. ಶಾಲೆಯಲ್ಲಿ ಸಂಗೀತದ ಟೀಚರ್. ಎರಡು ಸಾವಿರದ ಮೂರರ ಆ ಚಳಿಗಾಲದಲ್ಲಿ ಅವಳನ್ನು ನೋಡಲು ಬಂದ ಗಂಡಿನವರು, "ಸ್ವಲ್ಪ ಇಳಿದ್ರೆ ಹೇಳಿ ಕಳಿಸಿ" ಎಂದು ಕಾಫಿ ಕುಡಿದು ಹೋಗಿದ್ದರು.

"ಬನ್ನಿ ಮೇಡಂ, ಯಾಕೆ ಅಲ್ಲೇ ನಿಂತ್ಕಂಡ್ರಿ?"

ರವೀಶ್. ಅರಕಲಗೂಡಿನ ರೈತರ ಮಗ. ವ್ಯಾಯಾಮ ವಿಜ್ಞಾನ ಓದಿ ಬಂದು ಅಲ್ಲಿ ಬೆಳಗಿನ ನಡಿಗೆಯ ಶಿಬಿರ ನಡೆಸುತ್ತಿದ್ದ.

ಅವನು ತೂಕ ಕೇಳಲೇ ಇಲ್ಲ! ಸಹಾಯಕಿ ಪ್ರೇಮಕುಮಾರಿ ಒಳಗಿನ ಕೋಣೆಯಲ್ಲಿ ಸೊಂಟದ ಅಳತೆ ತೆಗೆದುಕೊಂಡಳು. ಅವನು ಮಣಿಕಟ್ಟು ಹಿಡಿದು ನಾಡಿ ಎಣಿಸಿದ, ಅಷ್ಟೆ.

"ತೂಕ ಒಂದೇ ಎಲ್ಲಾ ಹೇಳಲ್ಲ ಮೇಡಂ. ಕೊಬ್ಬು ಎಲ್ಲಿ ಸೇರೈತೆ, ಎದೆಗೆ ಎಷ್ಟು ದಮ್ಮೈತೆ, ಅದು ಮುಖ್ಯ. ಊಟ ಹೆಂಗೆ?"

"ವಾರಕ್ಕೆ ಮೂರು ದಿನ ಒಪ್ಪತ್ತು ಸರ್. ಆದ್ರೂ ಇಳೀತಿಲ್ಲ..."

"ಒಪ್ಪತ್ತಿನ ರಾತ್ರಿ ಏನು?"

"ಅನ್ನ ಮುಟ್ಟಲ್ಲ. ಬರೀ ಫಲಾಹಾರ... ತುಪ್ಪದ ಉಪ್ಪಿಟ್ಟು, ಬಾಳೆಹಣ್ಣಿನ ಸೀಕರಣೆ. ಪಾಪ ಹಸಿದಿದ್ದಾಳೆ ಅಂತ ಅಮ್ಮ ಎರಡು ಸಲ ಬಡಿಸ್ತಾರೆ."

"ಉಪವಾಸ ದೇವ್ರಿಗೆ ಸಲ್ತದೆ ಮೇಡಂ, ಉಪ್ಪಿಟ್ಟು ನಿಮಗೆ ಸಲ್ತದೆ!"

ಅವಳೂ ನಕ್ಕಳು. ತನ್ನ ಮೈಯ ಮಾತು ಬಂದಾಗ ನಕ್ಕು ಎಷ್ಟು ಕಾಲವಾಗಿತ್ತು!

ಒಪ್ಪತ್ತು ಬಿಟ್ಟು ಹೊತ್ತಿಗೆ ಸರಿಯಾಗಿ ಮಿತವಾಗಿ ಉಂಡಳು. "ನಡೀವಾಗ ಮಾತಾಡೋಕಾಗ್ಬೇಕು, ಹಾಡೋಕಾಗ್ಬಾರ್ದು. ಅದೇ ಸರಿಯಾದ ವೇಗ" ಎನ್ನುತ್ತಿದ್ದ ಅವನು. ಸೋತು ಕುಳಿತವರಿಗೂ ಅವನ ದನಿ ಏರುತ್ತಿರಲಿಲ್ಲ. ಎಂಥ ತಾಳ್ಮೆ ಈ ಮನುಷ್ಯನಿಗೆ ಎಂದು ಅವಳು ಬೆರಗಾಗುತ್ತಿದ್ದಳು. ಶಾಲೆಯ ಮೆಟ್ಟಿಲು ಹತ್ತಿದರೆ ಈಗ ಏದುಸಿರು ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ, ನಾಡಿ ಎಣಿಸುತ್ತಿದ್ದವನು ನಡುವೆಯೇ ಕೈ ಬಿಟ್ಟ.

"ಪ್ರೇಮಕುಮಾರಿ, ಇನ್ಮೇಲೆ ಇವರದ್ದು ನೀವೇ ನೋಡ್ಕಳಿ."

ಅವಳ ಮುಖವನ್ನೂ ನೋಡದೆ ಹೊರಟುಹೋದ.

ನನ್ನ ಕೈ ಮುಟ್ಟೋಕೂ ಅಸಹ್ಯವಾಯ್ತಾ...?

ಅವಳು ಶಿಬಿರ ಬಿಟ್ಟಳು. ಕೆಲವು ದಿನಗಳ ನಂತರ ಪ್ರೇಮಕುಮಾರಿ ಮನೆಗೇ ಬಂದಳು.

"ಏನ್ರೀ ಟೀಚರಮ್ಮ, ಮೇಷ್ಟ್ರು ದಿನಾ ಗೇಟ್ ಕಡೆನೇ ನೋಡ್ತಾವ್ರೆ. ನಮ್ಗೆಲ್ಲ ಒಂದು ಸುತ್ತು ಜಾಸ್ತಿ ಓಡಿಸ್ತಾವ್ರೆ! ನೀವೇ ಬಂದು ಕೇಳ್ರೀ."

ಮರುದಿನ ಅವಳು ನೇರವಾಗಿ ಕೇಳಿದಳು.

"ಯಾಕೆ ಕೈ ಬಿಟ್ರಿ? ದಪ್ಪಗಿದ್ದೀನಿ ಅಂತಾನಾ?"

"ಅಯ್ಯೋ, ಅಲ್ಲ ಕಣ್ರೀ! ಎಣಿಕೆ... ತಪ್ಪೋಯ್ತಿತ್ತು. ತಪ್ಪು ಎಣಿಸಿ ನಿಮ್ಮನ್ನ ಜಾಸ್ತಿ ನಡೆಸಿದ್ರೆ ಏನ್ಗತಿ?"

"ಯಾಕೆ ತಪ್ತಿತ್ತು?"

ಅವನು ಹೊರಡಲು ತಿರುಗಿದ.

ಅವಳು ಅವನ ಮಣಿಕಟ್ಟು ಹಿಡಿದಳು. ದಿನವೂ ತಾಳ ಹಾಕುವ ಬೆರಳುಗಳು ಅವು. ಅವನ ನಾಡಿ, ಅವಳು ಮಕ್ಕಳಿಗೆ ಕಲಿಸುವ ಅತಿ ವೇಗದ ಮೂರನೇ ಕಾಲವನ್ನೂ ಮೀರಿ ಓಡುತ್ತಿತ್ತು!

"ಒಂದು ಸುತ್ತೂ ನಡೆದಿಲ್ಲ ನೀವು. ನಿಂತಲ್ಲೇ ಇಷ್ಟೊಂದು ವೇಗಾನಾ?"

ಅವನು ತಲೆ ತಗ್ಗಿಸಿದ. "ನಮ್ಮವ್ವಂಗೆ ಹೇಳಿವ್ನಿ... ನಿಮ್ಮನೆಗೆ ಬರ್ಲಾ?"

ಅವಳ ಕಣ್ಣು ತುಂಬಿತು. ಕೈ ಬಿಡಲಿಲ್ಲ.

"ಬನ್ನಿ. ಅಮ್ಮ ಉಪ್ಪಿಟ್ಟು ಮಾಡ್ತಾರೆ. ಒಂದೇ ಸಲ ಬಡಿಸ್ಕೋಬೇಕು!"

ಅವರ ಮದುವೆಯಾಯಿತು. ಬೆಳಗಿನ ನಡಿಗೆ ನಿಲ್ಲಲಿಲ್ಲ. ಪ್ರೀತಿಸುತ್ತೇನೆ ಎಂದು ರವೀಶ್ ಅವಳಿಗೆ ಎಂದೂ ಹೇಳಲಿಲ್ಲ. ಅವಳೂ ಕೇಳಲಿಲ್ಲ; ಅವನ ಮಣಿಕಟ್ಟು ಹಿಡಿದು ನಾಡಿ ಎಣಿಸಿದರೆ ಸಾಕಿತ್ತು.