ಗೀಚಿದ ಹಾಡು

ರೆಕಾರ್ಡನ್ನು ಕವರಿನಿಂದ ತೆಗೆಯುವ ರೀತಿಯಲ್ಲೇ ಗಂಡಸಿನ ಗುಣ ಗೊತ್ತಾಗುತ್ತದೆ ಎಂದು ಲೋರ್ನಾ ನಂಬಿದ್ದಳು. ಕೆಲವರು ಜೇಬಿನಿಂದ ಕರ್ಚೀಫು ಎಳೆದ ಹಾಗೆ ಎಳೆಯುತ್ತಾರೆ. ಅವಳ ಅಂಗಡಿಗೆ ಬಂದಿದ್ದ ಈತ ಅಂಚನ್ನು ಅಂಗೈಗೆ ಕೊಟ್ಟು, ನಡುವಿನ ಲೇಬಲ್ಲಿಗೆ ಬೆರಳ ತುದಿ ತಾಗಿಸಿ, ಮಲಗಿದ ಮಗುವನ್ನು ಎತ್ತುವ ಹಾಗೆ ತೆಗೆದ. ಅಂಗಿಯ ಬೆನ್ನಿನ ಮೇಲೆ ಯಾವುದೋ ಎಸಿ ರಿಪೇರಿ ಅಂಗಡಿಯ ಹೆಸರಿತ್ತು.

"ಮೇಡಂ, ಇದರದ್ದೇ ಇನ್ನೊಂದು ಕಾಪಿ ಇದೆಯಾ? ಎರಡನೇ ಬದಿಯ ಮೂರನೇ ಹಾಡು ಓಡಬೇಕು, ಅಷ್ಟೇ."

ಹಳೇ ರೆಕಾರ್ಡು ಹುಡುಕಿಕೊಂಡು ಕುಬಾವೊ ಪೇಟೆಗೆ ಬರುವವರು ಈಚೆಗೆ ಹೆಚ್ಚಿದ್ದರು. ಅವರು ಕೇಳುವುದೆಲ್ಲ ಅಪ್ಪ ಅಮ್ಮಂದಿರ ಕಾಲದ ಡಿಸ್ಕೋ ಹಾಡುಗಳನ್ನು. ಇವನು ತಂದದ್ದು 1973ರದು, ಹೆಸರೇ ಕೇಳದ ಗಾಯಕಿಯೊಬ್ಬಳದು. ಮೂರನೇ ಹಾಡಿನ ಅಡ್ಡಕ್ಕೆ ಮೊಳೆಯಿಂದ ಗೀಚಿದ ಗೆರೆ, ಉಗುರು ಸಿಕ್ಕಿಕೊಳ್ಳುವಷ್ಟು ಆಳ.

"ಮಾರ್ಷಲ್ ಲಾ ಕಾಲದ್ದು, ದೇಶವೆಲ್ಲ ಸೈನ್ಯದ ಹಿಡಿತದಲ್ಲಿದ್ದಾಗ," ಎಂದಳು. "ಈ ಹಾಡು ಬೇಡ ಅಂತ ಮೇಲಿಂದ ಹೇಳಿದ್ರೆ ರೇಡಿಯೋದವರು ಹೀಗೆ ಗೀಚಿಬಿಡ್ತಿದ್ರು. ಯಾರಾದ್ರೂ ಮರೆತು ಹಾಕಿದ್ರೂ ಮುಳ್ಳು ಮುಂದೆ ಹೋಗಬಾರದು ಅಂತ."

"ಗೊತ್ತು. ನನಗೆ ಸಿಕ್ಕಿದ್ದರಲ್ಲಿ ಇದು ನಾಲ್ಕನೇದು. ನಾಲ್ಕನ್ನೂ ಒಬ್ಬನೇ ಗೀಚಿದ್ದಾನೆ. ನೋಡಿ, ಸಹಿ ಬೇರೆ ಹಾಕಿದ್ದಾನೆ ಪುಣ್ಯಾತ್ಮ."

ಲೇಬಲ್ಲಿನ ಮೇಲೆ ಪೆನ್ಸಿಲಿನಲ್ಲಿ ತಾರೀಖು, ಪಕ್ಕದಲ್ಲಿ ಇ.ಸಿ. ಎಂಬ ಎರಡು ಇಂಗ್ಲಿಷ್ ಅಕ್ಷರ. ಮೊದಲನೆಯ ಅಕ್ಷರದ ಕೆಳಗೆರೆ ಬೆಕ್ಕಿನ ಬಾಲದ ಹಾಗೆ ಸುತ್ತಿಕೊಂಡಿತ್ತು.

ಲೋರ್ನಾಳ ಕೈ ಅಲ್ಲೇ ನಿಂತಿತು. ಅಂಗಡಿಯಲ್ಲಿದ್ದ ಪ್ರತಿ ಬೆಲೆಚೀಟಿಯ ಮೇಲೂ ಅದೇ ಬಾಲವಿತ್ತು. ಚೀಟಿ ಬರೆಯುವುದು ಅವಳ ಅಪ್ಪ ಎಫ್ರೆನ್ ಕತಿಂದಿಗ್, ಒಂದು ಕಾಲಕ್ಕೆ ರೇಡಿಯೋ ಸ್ಟೇಷನ್ನಿನಲ್ಲಿ ರೆಕಾರ್ಡುಗಳ ಕೋಣೆ ನೋಡಿಕೊಳ್ಳುತ್ತಿದ್ದವರು.

"ಹಾಡಿದ್ದು ಯಾರು?"

"ನಮ್ಮಮ್ಮ. ಇದೊಂದೇ ರೆಕಾರ್ಡು ಅವಳದ್ದು. ಲೇಬಲ್ಲಲ್ಲಿರೋ ಹೆಸರು ಕಂಪನಿಯವರು ಇಟ್ಟಿದ್ದು." ಅವನು ತಲೆಯೆತ್ತಿದ. "ಯಾಕ್ ಮೇಡಂ ಇಷ್ಟು ಬೆವರ್ತಿದ್ದೀರಿ? ನಿಮ್ಮ ಎಸಿ ಕೆಮ್ತಾ ಇದೆ. ಶನಿವಾರ ಬಂದು ನೋಡ್ಲಾ? ನನ್ನ ಹೆಸರು ರೋಡೆಲ್."

ಬೇಡ ಎನ್ನಬೇಕಿತ್ತು. "ಬನ್ನಿ," ಎಂದಳು.

ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡು ಚೀಟಿಗಳನ್ನು ಕೀಳತೊಡಗಿದಳು. ಶುಕ್ರವಾರ ಸಂಜೆಯ ಹೊತ್ತಿಗೆ ಅಂಗಡಿಯಲ್ಲಿ ಅಪ್ಪನ ಒಂದಕ್ಷರವೂ ಉಳಿಯಲಿಲ್ಲ. "ಇನ್ನು ಮೇಲೆ ನಾನೇ ಬರೀತೀನಿ ಅಪ್ಪ, ನಿಮ್ಮ ಕಣ್ಣಿಗೆ ಆಯಾಸ," ಎಂದು ಮನೆಯಲ್ಲಿ ಹೇಳಿದಳು. ಮುದುಕ ಪೆನ್ಸಿಲನ್ನು ಡಬ್ಬದೊಳಗಿಟ್ಟು ಮುಚ್ಚಳ ಹಾಕಿದರು.

ಎಸಿ ಒಂದೇ ಶನಿವಾರಕ್ಕೆ ಸರಿಹೋಯಿತು. ರೋಡೆಲ್ ಬರುವುದು ಮಾತ್ರ ನಿಲ್ಲಲಿಲ್ಲ. ಎಸಿ ರಿಪೇರಿಗೆಂದು ಹೋದ ಮನೆಗಳಲ್ಲೆಲ್ಲ ಅಟ್ಟ ತಡಕಿ ತಂದ ರೆಕಾರ್ಡುಗಳನ್ನು ಅವಳ ಮುಂದೆ ಹರವುತ್ತಿದ್ದ. ಒಂದೇ ದೀಪದ ಕೆಳಗೆ ಇಬ್ಬರೂ ತಲೆ ಬಗ್ಗಿಸಿ ಗೆರೆಗಳನ್ನು ನೋಡುವರು. ಅವನು ರೆಕಾರ್ಡು ನೋಡುತ್ತಿದ್ದರೆ ಅವಳು ಅವನ ರೆಪ್ಪೆ ನೋಡುವಳು. ಅವನು ಕಣ್ಣೆತ್ತಿದ ಕೂಡಲೇ ರೆಕಾರ್ಡಿನ ಧೂಳು ಒರೆಸುವಳು.

"ಅಲ್ಲಿ ಧೂಳಿಲ್ಲ," ಎಂದ ಒಂದು ಸಲ.

"ಇತ್ತು."

"ಮೂರನೇ ಸಲ ಒರೆಸ್ತಾ ಇದ್ದೀಯ ಲೋರ್ನಾ. ನನ್ನ ಮುಖ ನೋಡಬೇಕು ಅನ್ಸಿದ್ರೆ ನೋಡು, ರೆಕಾರ್ಡು ಸವೆಯುತ್ತೆ."

ಅವಳು ನಕ್ಕಳು. ನಗುತ್ತಲೇ, ಬಹಳ ದಿನದಿಂದ ಗಂಟಲಲ್ಲಿದ್ದುದನ್ನು ಕೇಳಿದಳು. "ಆ ಇ.ಸಿ. ಸಿಕ್ಕರೆ ಏನ್ ಮಾಡ್ತೀಯ?"

ಅವನ ನಗು ಹೋಯಿತು. "ಅಮ್ಮ ಆಮೇಲೆ ಹಾಡಲೇ ಇಲ್ಲ. ಮರಿಕಿನಾದ ಶೂ ಕಾರ್ಖಾನೆಯಲ್ಲಿ ಕೂತು ನಲವತ್ತು ವರ್ಷ ಶೂ ಹೊಲಿದಳು. ಅವನಿಗೆ ಅದು ಮೂರು ನಿಮಿಷದ ಕೆಲಸ. ಸಿಕ್ಕರೆ ಏನೂ ಮಾಡಲ್ಲ. ಮುಖ ನೋಡಲ್ಲ, ಅಷ್ಟೇ."

ಬರುವ ಶನಿವಾರ ಹೇಳೋಣ ಎಂದುಕೊಂಡಳು. ಆ ಶನಿವಾರ ಅವನು ಏಳನೇ ಕಾಪಿ ತಂದ. ಅದೂ ಗೀಚಿದ್ದೇ. ಅದರ ಮುಂದಿನ ಶನಿವಾರ ಮದುವೆಯ ಮಾತೆತ್ತಿದ. ಅವಳು ಹೂಂ ಎಂದಳು. ಹೇಳಬೇಕಾದದ್ದು ಆ ಹೂಂ ಎಂಬ ಮಾತಿನ ಕೆಳಗೆ ಸಿಕ್ಕಿಕೊಂಡಿತು.

ಇನ್ನುಳಿದದ್ದು ಹೆಣ್ಣು ಕೇಳುವ ಶಾಸ್ತ್ರ. ಹುಡುಗನ ಕಡೆಯವರು ಅಡುಗೆ ಹೊತ್ತು ಬಂದು, ಹುಡುಗಿಯ ಮನೆಯ ಮೆಟ್ಟಿಲು ಹತ್ತಿ ಕೇಳಬೇಕು. ಹುಡುಗಿಯ ತಂದೆ ಮೇಲೆ ಕುಳಿತು ಕಾಯಬೇಕು.

ಭಾನುವಾರ ಚರ್ಚಿನ ಪೂಜೆ ಮುಗಿದ ಹೊತ್ತಿಗೆ ಸಂಪಾಲೊಕ್‌ನ ಓಣಿಯಲ್ಲಿ, ಲೋರ್ನಾಳ ಮನೆಯ ಮುಂದೆ, ಆಟೋದಂಥ ಬಾಡಿಗೆ ಟ್ರೈಸಿಕಲ್ ಬಂದು ನಿಂತಿತು. ಮೇಲೆ ಅವಳ ಅಪ್ಪ, ಓಣಿಯವರು ಗೌರವದಿಂದ ಕರೆಯುವ ಹಾಗೆ ಮಾಂಗ್ ಎಫ್ರೆನ್, ಇಸ್ತ್ರಿಯ ಬಿಳಿ ಅಂಗಿ ತೊಟ್ಟು ಕಿಟಕಿಯ ಪಕ್ಕ ಕೂತಿದ್ದರು. ಬರುವವಳು ತಾವು ಗೀಚಿದ ಹಾಡಿನ ಗಾಯಕಿ ಎಂಬುದು ಅವರಿಗೆ ಗೊತ್ತಿರಲಿಲ್ಲ. ಲೋರ್ನಾ ಕೆಳಗಿನ ಬಾಗಿಲಲ್ಲಿ ಕಂಬ ಹಿಡಿದು ನಿಂತಿದ್ದಳು. ರೋಡೆಲ್ ತಳಕ್ಕೂ ಒಂದು ಹಿಡಿಗೂ ಬಟ್ಟೆ ಸುತ್ತಿದ ಪಾನ್ಸಿತ್ ಶಾವಿಗೆಯ ದೊಡ್ಡ ಪಾತ್ರೆ ಹೊತ್ತು ಇಳಿದ. ಹಿಂದೆ ಅವನ ತಾಯಿ, ಎಲ್ಲರೂ ಗೌರವದಿಂದ ಆಲಿಂಗ್ ಫ್ಲೋರಾ ಎನ್ನುವವಳು, ಕುಳ್ಳಗೆ, ಚುರುಕು ಕಣ್ಣು.

"ಇವಳೇನಾ ಧೂಳು ಒರೆಸೋಳು?" ಎಂದು ಮುದುಕಿ ಮೊದಲ ಮೆಟ್ಟಿಲಿಗೆ ಕಾಲಿಟ್ಟಳು.

"ಹತ್ತಬೇಡಿ," ಎಂದಳು ಲೋರ್ನಾ.

ಇಬ್ಬರೂ ನಿಂತರು.

"ನಿಮ್ಮ ಆ 1973ರ ಹಾಡು ಗೀಚಿದ ಇ.ಸಿ. ಅಂದ್ರೆ ಎಫ್ರೆನ್ ಕತಿಂದಿಗ್. ಮೇಲೆ ಕೂತಿರೋದು ಅವರೇ. ನಮ್ಮಪ್ಪ."

ರೋಡೆಲ್ ಅವಳತ್ತ ತಿರುಗಿದ. "ನಿನಗೆ ಯಾವಾಗ ಗೊತ್ತಾಯ್ತು?"

"ಮೊದಲ ದಿನ."

"ಏಳು ತಿಂಗಳು." ಅವನ ದನಿ ಏರಲಿಲ್ಲ, ಏರಿದ್ದರೆ ಅವಳಿಗೆ ಹಗುರಾಗುತ್ತಿತ್ತು. "ಸಿಕ್ಕಿದ್ದನ್ನೆಲ್ಲ ತಂದು ನಿನ್ನ ಕೈಗೇ ಕೊಡ್ತಿದ್ದೆ. ನೀನು ಆ ಗೆರೆ ಮೇಲೆ ಬೆರಳಾಡಿಸಿ, ಪಾಪ ಅಂತಿದ್ದೆ. ಅಮ್ಮ, ನಡಿ ಹೋಗೋಣ."

ಆಲಿಂಗ್ ಫ್ಲೋರಾ ಹೋಗಲಿಲ್ಲ. ಅವಳು ಮೇಲಕ್ಕೆ ನೋಡುತ್ತಿದ್ದಳು. ಮರದ ಮೆಟ್ಟಿಲು ಕಿರುಗುಟ್ಟುತ್ತಿತ್ತು. ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದ ಮಾಂಗ್ ಎಫ್ರೆನ್ ಕಟಕಟೆ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲೂರಿ, ಇಳಿದು ಬರುತ್ತಿದ್ದರು. ಹೆಣ್ಣು ಕೇಳುವ ದಿನ ಹೆಣ್ಣಿನ ತಂದೆ ಹಾಗೆ ಇಳಿದು ಬಂದದ್ದನ್ನು ಓಣಿಯಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ.

"ಒಂಬತ್ತು ಕಾಪಿ ಗೀಚಿದೆ," ಎಂದರು ಕೊನೆಯ ಮೆಟ್ಟಿಲಲ್ಲಿ ನಿಂತು. "ಹೆಂಡತಿ ಬಸುರಿ, ಕೆಲಸ ಹೋಗುತ್ತೆ ಅಂತ ಭಯ ಇತ್ತು. ಗೀಚೋಕೆ ಮುಂಚೆ ಹಾಡು ಕೇಳಲಿಲ್ಲ. ಕೇಳಿದ್ರೆ ಕೈ ಬರ್ತಿರಲಿಲ್ಲ."

"ಸಹಿ ಹಾಕಬೇಕು ಅಂತ ರೂಲ್ಸ್ ಇತ್ತಾ?" ಎಂದು ಕೇಳಿದಳು ಮುದುಕಿ.

"ಇಲ್ಲ. ನಾನೇ ಹಾಕಿದೆ. ಯಾವತ್ತಾದ್ರೂ ಯಾರಾದ್ರೂ ಬಂದು ಯಾಕಯ್ಯ ಮಾಡಿದೆ ಅಂತ ಕೇಳಲಿ ಅಂತ. ಯಾರೂ ಬರಲಿಲ್ಲ."

"ಈಗ ಬಂದಿದ್ದೀನಲ್ಲ." ಮುದುಕಿ ಅಂಗಿಯ ತೋಳಲ್ಲೇ ಮೂಗೊರೆಸಿಕೊಂಡಳು. "ಕೇಳೋದು ಬೇಕಾದಷ್ಟಿದೆ, ಬೇಗ ಮುಗಿಯಲ್ಲ. ನಿಂತು ಕೇಳೋಕೆ ನನ್ನ ಕಾಲಲ್ಲಿ ಶಕ್ತಿ ಇಲ್ಲ. ನಡೀರಿ ಮೇಲೆ. ಹೆಣ್ಣಿನ ಅಪ್ಪನೇ ಕೆಳಗಿಳಿದು ನಿಂತ್ರೆ ನಾವು ಎಲ್ಲಿಗೆ ಹತ್ತೋದು?"

ಇಬ್ಬರು ಮುದುಕರೂ ಹತ್ತಿ ಹೋದರು. ಕೆಳಗೆ ಇವರಿಬ್ಬರೇ ಉಳಿದರು, ನಡುವೆ ಆವಿಯಾಡುವ ಪಾತ್ರೆ.

"ನಿಮ್ಮಪ್ಪ ಒಂಬತ್ತು ಸಲ ಹೆಸರು ಬರೆದ್ರು," ಎಂದ ರೋಡೆಲ್. "ನೀನು?"

"ಅಳಿಸಿದೆ. ಅಂಗಡಿ ಚೀಟಿಗಳನ್ನೆಲ್ಲ ಕಿತ್ತೆ. ನೀನು ಆ ಬಾಲ ನೋಡಿದ್ರೆ ಮತ್ತೆ ಬರಲ್ಲ ಅಂತ. ನೀನು ಬರದೆ ಇರೋದನ್ನ ಮೊದಲ ದಿನವೇ ನನ್ನಿಂದ ತಡ್ಕೊಳ್ಳೋಕೆ ಆಗ್ತಿರಲಿಲ್ಲ, ರೋಡೆಲ್. ನಾಚಿಕೆಗೇಡು, ಆದ್ರೆ ನಿಜ."

ಅವನು ಪಾತ್ರೆಯ ಮುಚ್ಚಳದತ್ತ ನೋಡಿದ. "ಸಿಟ್ಟು ಇವತ್ತಿಗೆ ಹೋಗಲ್ಲ. ಮೇಲೆ ಹೋಗಿ ನಿನ್ನನ್ನ ಕೊಡಿ ಅಂತ ಕೇಳೋಕೆ ನನಗೆ ಬಾಯಿ ಬರಲ್ಲ."

"ಕೇಳಬೇಡ." ಅವಳು ಪಾತ್ರೆಯ ಒಂದು ಹಿಡಿಗೆ ಕೈ ಹಾಕಿದಳು. "ನಾನೇ ಕೇಳ್ತೀನಿ. ಮಗನ್ನ ಕೊಡ್ತೀರಾ ಅಂತ ನಿಮ್ಮಮ್ಮನ್ನ ಕೇಳ್ತೀನಿ. ನೀನು ಸುಮ್ನೆ ಕೂತಿರು. ಬೇಡ ಅನ್ನಬೇಕು ಅನ್ಸಿದ್ರೆ ಅಲ್ಲೇ ಅನ್ನು, ನಿನ್ನ ಬಾಯಿಂದ ಕೇಳಿಸ್ಕೋತೀನಿ."

ಅವನು ಪಾತ್ರೆ ಬಿಡಲಿಲ್ಲ. ಅವಳು ಮೆಟ್ಟಿಲಿಗೆ ಕಾಲಿಟ್ಟಳು, ಅವನೂ ಇಟ್ಟ. ಇಕ್ಕಟ್ಟಿನಲ್ಲಿ ಭುಜಕ್ಕೆ ಭುಜ ತಾಗಿತು. ನಾಲ್ಕನೇ ಮೆಟ್ಟಿಲಲ್ಲಿ ಅವನು ನಿಂತುಬಿಟ್ಟ. ಲೋರ್ನಾಗೆ ಅವನ ಮುಖ ನೋಡುವ ಧೈರ್ಯವಾಗಲಿಲ್ಲ.

"ಏನಾಯ್ತು?"

"ಬಟ್ಟೆ ಸುತ್ತಿರೋದು ನನ್ನ ಕಡೆ ಹಿಡಿಗೆ," ಎಂದ. ಪಾತ್ರೆಯನ್ನು ಮೆಲ್ಲಗೆ ತಿರುಗಿಸಿ ಬಟ್ಟೆಯ ಹಿಡಿಯನ್ನು ಅವಳ ಕಡೆಗೆ ಕೊಟ್ಟ. "ಇದನ್ನ ಹಿಡ್ಕೋ. ಆ ಕಡೇದು ಸುಡುತ್ತೆ."