ಕಾರಣ ಕೇಳುವಂತಿಲ್ಲ

"ಇನ್ನೊಂದು ಕಾಗದಕ್ಕೂ ನಾನು ಸಹಿ ಹಾಕುವುದಿಲ್ಲ. ದಯವಿಟ್ಟು ಹೊರಡಿ!"

ಬಾಗಿಲು ತೆರೆದವನು ಇಂಗ್ಲಿಷಿನಲ್ಲಿ ಗುಡುಗಿದ ರಭಸಕ್ಕೆ ಇಂಚರಾಳ ಕೈಯಲ್ಲಿದ್ದ ಫೈಲು ಜಾರಿ ಬಿತ್ತು. ಹಾಳೆಗಳೆಲ್ಲ ಹುಲ್ಲಿನ ಮೇಲೆ ಚೆಲ್ಲಾಪಿಲ್ಲಿ. ಅದರ ಮೇಲೆ ಜನವರಿಯ ಗಾಳಿ ಬೇರೆ...

"ಅಯ್ಯೋ ದೇವ್ರೇ..."

ಅದು ತಾನಾಗಿ ಬಾಯಿಂದ ಹೊರಟಿತ್ತು. ಅಷ್ಟೇ! ಒಳಗಿನಿಂದ ಮುದಿ ದನಿಯೊಂದು ಕೂಗಿತು.

"ಯಾರ್ರೀ ಅದು, ಕನ್ನಡದಾಗ ದೇವರನ್ನ ಕರದವರು? ಆಶೂ, ಬಾಗಿಲಾ ಹಾಕಬ್ಯಾಡೋ! ಒಳಗ ಕರಿ ಅವರನ್ನ!"

ಬಾಗಿಲಲ್ಲಿದ್ದವನ ಮುಖ ಒಮ್ಮೆಗೇ ಸಡಿಲಾಯಿತು. ಅವನು ಬಗ್ಗಿ, ಗುಲಾಬಿ ಗಿಡಕ್ಕೆ ಸಿಕ್ಕಿಕೊಂಡಿದ್ದ ಹಾಳೆಯೊಂದನ್ನು ಬಿಡಿಸಿ ಕೊಟ್ಟ.

"ಸಾರಿ. ನೀವು ಇನ್ಶೂರೆನ್ಸ್ ಕಡೆಯವರು ಅಂದ್ಕೊಂಡೆ. ಪ್ರವಾಹ ಆದಮೇಲೆ ಬರೀ ಅವರೇ ಬರ್ತಾರ. ಬರ್ರಿ."

ಹೂಸ್ಟನ್ನಿನ ಪಶ್ಚಿಮಕ್ಕೆ, ಕೇಟಿಯಲ್ಲಿದ್ದ ಆ ಮನೆಯ ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ನೀರಿನ ಗುರುತು ಇನ್ನೂ ಉಳಿದಿತ್ತು. ಹಿಂದಿನ ಆಗಸ್ಟಿನಲ್ಲಿ, ಅಂದರೆ ಎರಡು ಸಾವಿರದ ಹದಿನೇಳರ ಚಂಡಮಾರುತದಲ್ಲಿ, ಇಡೀ ಬೀದಿಯೇ ನೀರಿನಲ್ಲಿ ನಿಂತಿತ್ತು. ಅಂಥ ಮನೆಗಳಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುತ್ತಿರುವವರ ಆರೋಗ್ಯ ಏನಾಗಿದೆ? ಅವರನ್ನು ಯಾರು ನೋಡಿಕೊಳ್ಳುತ್ತಾರೆ? ಆಸ್ಟಿನ್ನಿನಲ್ಲಿ ಸಮಾಜಕಾರ್ಯ ಓದುತ್ತಿದ್ದ ಇಂಚರಾ ಕೆಲಸ ಮಾಡುತ್ತಿದ್ದ ಅಧ್ಯಯನ ಇದರದ್ದೇ. ತಿಂಗಳಿಗೊಂದು ಶನಿವಾರ ಬಸ್ಸು ಹತ್ತಿ ಬಂದು, ಭಾರತೀಯ ಮನೆಗಳಲ್ಲಿ ಕುಳಿತು ಮಾತಾಡಿಸುವುದು ಅವಳ ಪಾಲಿಗೆ ಬಂದಿತ್ತು.

ಮಾತಾಡಿಸುವುದು! ಕ್ಲಾಸಿನಲ್ಲಿ ತನ್ನ ಹೆಸರು ಹೇಳುವುದಕ್ಕೂ ಬೆವರುವ ಹುಡುಗಿ... ಮೈಸೂರಿನಿಂದ ತಂದಿದ್ದ ಡೈರಿ ಬಿಟ್ಟರೆ ಯಾರೊಂದಿಗೂ ಮನಬಿಚ್ಚದವಳು...

ಮನೆಯಲ್ಲಿ ಇದ್ದವರು ಇಬ್ಬರೇ. ಧಾರವಾಡದ ಶಿವಾನಂದ ಅಂಕಲ್ ಹೂಸ್ಟನ್ನಿನ ಕ್ಲಿಯರ್ ಲೇಕ್ ಪ್ರದೇಶದಲ್ಲಿ ಜೀವಮಾನವಿಡೀ ಎಂಜಿನಿಯರ್ ಆಗಿದ್ದವರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಹೋಗಿದ್ದವು. ಜೊತೆಗೆ ಇಂಗ್ಲಿಷೂ ಹೋಗಿತ್ತು! ನಲವತ್ತು ವರ್ಷ ಆಡಿದ ಭಾಷೆ ಒರೆಸಿ ಹಾಕಿದ ಹಾಗೆ ಮಾಯವಾಗಿ, ಧಾರವಾಡದ ಕನ್ನಡ ಮಾತ್ರ ಉಳಿದಿತ್ತು.

ಮಗ ಆಶ್ರಿತ್ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ. ಹಗಲು ಅಪ್ಪನ ಬಳಿ ಪಕ್ಕದ ಮನೆಯ ಪದ್ಮಿನಿ ಆಂಟಿ, ಉಳಿದ ಹೊತ್ತೆಲ್ಲ ಇವನೇ. ಅಮ್ಮ ಅವನ ಕಾಲೇಜಿನ ದಿನಗಳಲ್ಲೇ ತೀರಿಕೊಂಡಿದ್ದಳು.

"ಸಣ್ಣಂವ ಇದ್ದಾಗ ಅಪ್ಪ ಕನ್ನಡದಾಗ ಕೇಳಿದ್ರ ನಾನು ಇಂಗ್ಲಿಷ್‌ನಾಗ ಉತ್ತರಾ ಕೊಡ್ತಿದ್ದೆ," ಎಂದ ಅವನು, ತಲೆ ತಗ್ಗಿಸಿ. "ಈಗ ಆ ಭಾಷಾ ಬಿಟ್ರ ಅಪ್ಪಗ ದಾರಿ ಇಲ್ಲ. ಅದಕ್ಕ ಮತ್ತ ಕಲತೆ. ತಪ್ಪಾದ್ರ ನಗಬ್ಯಾಡ್ರಿ."

"ನಿಮ್ಮ ಕನ್ನಡ ತುಂಬಾ ಚೆನ್ನಾಗಿದೆ," ಎಂದಳು ಇಂಚರಾ, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ.

ಪ್ರತಿ ಭೇಟಿಯೂ ಒಂದೇ ರೀತಿ ಶುರುವಾಗಬೇಕು, ಅದು ಅಧ್ಯಯನದ ನಿಯಮ. ಅವಳು ರೆಕಾರ್ಡರ್ ಒತ್ತಿ, ಬಾಯಿಪಾಠವಾಗಿದ್ದ ಮಾತುಗಳನ್ನು ಹೇಳುತ್ತಿದ್ದಳು. "ಈ ಅಧ್ಯಯನದಿಂದ ನೀವು ಯಾವಾಗ ಬೇಕಾದರೂ ಹೊರಬರಬಹುದು. ಕಾರಣ ಹೇಳಬೇಕಾಗಿಲ್ಲ. ನಾವೂ ಕಾರಣ ಕೇಳುವುದಿಲ್ಲ..."

"ಮಂಗಳಾರತಿ ಆತೇನು?" ಎಂದು ಗಾಲಿಕುರ್ಚಿಯಿಂದ ಅಂಕಲ್ ಕೇಳುತ್ತಿದ್ದರು. "ಆಗಿದ್ರ ಪ್ರಸಾದಾ ಕೊಡೋ ಆಶೂ!"

ಪ್ರಸಾದವೆಂದರೆ ಆಶ್ರಿತ್ ಬಡಿದ ಜೋಳದ ರೊಟ್ಟಿ. ಅದು ಎಂದೂ ದುಂಡಗಾಗಿದ್ದಿಲ್ಲ.

"ನೋಡ್ರಿ, ಈ ಸಲಾನೂ ಟೆಕ್ಸಾಸ್ ನಕಾಶೆ," ಎಂದು ಅಂಕಲ್ ಎತ್ತಿ ತೋರಿಸುತ್ತಿದ್ದರು. "ಹೂಸ್ಟನ್ ಕಡೆ ಸೀದೈತಿ, ಡಲ್ಲಾಸ್ ಕಡೆ ಹಸಿ ಐತಿ!"

"ಅಪ್ಪಾ, ಸಾಕು..."

ಇಂಚರಾ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗುತ್ತಿದ್ದಳು. ವಾಪಸು ಬಸ್ಸಿನಲ್ಲಿ ಆ ನಗು ಒಂದಿಷ್ಟು ದೂರ ಜೊತೆಗಿರುತ್ತಿತ್ತು. ಆಸ್ಟಿನ್ನಿನ ದೀಪಗಳು ಕಾಣುವ ಹೊತ್ತಿಗೆ ಆರಿಹೋಗುತ್ತಿತ್ತು. ಅಪಾರ್ಟ್‌ಮೆಂಟಿನಲ್ಲಿ ಜೊತೆಗಿದ್ದ ಹುಡುಗಿ ಮಾತಾಡುತ್ತಿದ್ದುದು ಫ್ರಿಜ್ಜಿಗೆ ಅಂಟಿಸಿದ ಹಳದಿ ಚೀಟಿಗಳಲ್ಲಿ. ಹಾಲು ಮುಗಿದಿದೆ. ಕಸ ಹಾಕು. ಅಷ್ಟೇ.

'ಬರೀ ಕೆಲಸಕ್ಕೆ ಹೋಗ್ತಿದೀನಾ ನಾನು?' ಎಂದು ಅವಳು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಹಾಗಿದ್ದರೆ ಕೇಟಿಯ ಶನಿವಾರಕ್ಕೆ ಮಾತ್ರ ಯಾಕೆ ಹಿಂದಿನ ದಿನವೇ ತಲೆಸ್ನಾನ? ಛೆ! ಮಾತಾಡಿಸುವವಳು, ಉತ್ತರ ಕೊಡುವವನು... ಅದಕ್ಕಿಂತ ಹೆಚ್ಚಿನದಕ್ಕೆ ನಿಯಮದಲ್ಲಿ ಜಾಗವೇ ಇರಲಿಲ್ಲ.

ಆಗಸ್ಟ್ ಬಂತು. ಹೊರಗೆ ಉರಿಬಿಸಿಲು. ಅವತ್ತಿನ ಪ್ರಶ್ನೆಗಳಲ್ಲಿ ಕೊನೆಯದನ್ನು ಅವಳು ಓದಿದಳು. "ಮನಸ್ಸು ಭಾರವಾದಾಗ ಮಾತಾಡಲು ನಿಮಗೆ ಯಾರಿದ್ದಾರೆ?"

ಆಶ್ರಿತ್ ಅಪ್ಪನ ಮರಗಟ್ಟಿದ ಬೆರಳುಗಳನ್ನು ಒಂದೊಂದಾಗಿ ನೀವುತ್ತಿದ್ದ.

"ತಿಂಗಳಿಗೊಮ್ಮೆ ಒಬ್ಬರು ಬರ್ತಾರ," ಎಂದ ಕೊನೆಗೆ. "ರೆಕಾರ್ಡರ್ ತಗೊಂಡು."

ಅವನು ಕಣ್ಣೆತ್ತಿ ನೋಡಲಿಲ್ಲ. ಅವಳಿಗೂ ಆಗಲಿಲ್ಲ. ಮುಂದೇನು ಹೇಳಬೇಕೆಂದು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ!

ಆಗಲೇ ಅಂಕಲ್ ಎಡಗೈ ಚಾಚಿ ಅವಳ ಕೈ ಹಿಡಿದರು. ಮುಖವನ್ನೇ ದಿಟ್ಟಿಸಿದರು.

"ಯಾಕವಾ, ಸೊರಗಿ ಬಿಟ್ಟೀ? ಊಟಾ ಮಾಡೀಯೇನು?"

ಮೈಸೂರಿನಿಂದ ಅಮ್ಮ ಫೋನಿನಲ್ಲಿ ದಿನಾ ಕೇಳುತ್ತಿದ್ದಳು. "ಆಯ್ತಮ್ಮ" ಎಂದು ಇವಳೂ ದಿನಾ ಸುಳ್ಳು ಹೇಳುತ್ತಿದ್ದಳು. ಆದರೆ ಮುಖ ನೋಡಿ, ಕೈ ಹಿಡಿದು ಕೇಳಿದವರು ಈ ದೇಶದಲ್ಲಿ ಯಾರೂ ಇರಲಿಲ್ಲ...

ಕಣ್ಣು ತುಂಬಿ ಬಂತು. ತಡೆಯಲು ನೋಡಿದಷ್ಟೂ ಹೆಚ್ಚಾಯಿತು. ಬಿಕ್ಕಿ ಬಿಕ್ಕಿ ಅತ್ತುಬಿಟ್ಟಳು! ಆಶ್ರಿತ್ ಗಾಬರಿಯಾಗಿ ಎದ್ದು ನಿಂತ. ನೀರಿನ ಲೋಟ ಚಾಚಿದ. ಅವಳು ಅದನ್ನೂ ಮುಟ್ಟದೆ, "ಸಾರಿ... ಸಾರಿ..." ಎನ್ನುತ್ತ ಬ್ಯಾಗು ಎತ್ತಿಕೊಂಡು ಹೊರಗೋಡಿದಳು.

ಮುಂದಿನ ಭೇಟಿಗೆ ಎರಡು ದಿನ ಇರುವಾಗ ಅಧ್ಯಯನ ನಡೆಸುತ್ತಿದ್ದ ಪ್ರೊಫೆಸರ್ ಮಾರ್ಥಾರಿಂದ ಈಮೇಲ್ ಬಂತು. ಕೇಟಿಯ ಆ ಕುಟುಂಬ ಅಧ್ಯಯನದಿಂದ ಹೊರಬಂದಿದೆ. ಇನ್ನು ಅವರನ್ನು ಸಂಪರ್ಕಿಸಬಾರದು. ಅವರ ಕೋರಿಕೆಯಂತೆ ಅವರ ಎಲ್ಲ ಧ್ವನಿಮುದ್ರಣಗಳನ್ನೂ ಅಳಿಸಬೇಕು.

ಅವಳು ಅವರ ಕೋಣೆಗೆ ಓಡಿದಳು. "ಯಾಕೆ ಅಂತ ಏನಾದ್ರೂ ಹೇಳಿದ್ರಾ, ಪ್ರೊಫೆಸರ್? ನನ್ನಿಂದಲೇ... ನಾನೇ ಅವರ ಮುಂದೆ ಅತ್ತುಬಿಟ್ಟೆ."

ಮಾರ್ಥಾ ಕನ್ನಡಕ ತೆಗೆದು ಅವಳನ್ನು ನೋಡಿದರು. "ಅತ್ತಿದ್ದನ್ನು ನೀನು ಅವತ್ತೇ ವರದಿಯಲ್ಲಿ ಬರೆದಿದ್ದೀಯ. ಅಲ್ಲಿಗೆ ಮುಗಿಯಿತು. ಕಾರಣ ಮಾತ್ರ ಕೇಳುವಂತಿಲ್ಲ ಇಂಚರಾ, ನಾನೂ ಹೇಳುವಂತಿಲ್ಲ. ನಮ್ಮ ಕುತೂಹಲದಿಂದ ಅವರನ್ನು ಕಾಪಾಡುವುದಕ್ಕೇ ಆ ಮಾತು ಇರುವುದು."

ಅಳಿಸುವ ಕೆಲಸವೂ ಅವಳದೇ. ಲ್ಯಾಬಿನ ಕಂಪ್ಯೂಟರ್ ಮುಂದೆ ಕುಳಿತು ಒಂದೊಂದೇ ಧ್ವನಿಮುದ್ರಣವನ್ನು ಅಳಿಸಿದಳು. ರೊಟ್ಟಿ ಬಡಿಯುವ ಸದ್ದು ಇದ್ದದ್ದು, ಅಂಕಲ್ ನಕ್ಕಿದ್ದು, ಆಶ್ರಿತ್ ತನ್ನ ಅಮ್ಮನ ಬಗ್ಗೆ ಹೇಳುತ್ತ ನಡುವೆ ನಿಲ್ಲಿಸಿದ್ದು... ಕೊನೆಯದಾಗಿ ಆಗಸ್ಟಿನದು. ಒಮ್ಮೆ, ಒಂದೇ ಒಂದು ಸಲ ಕೇಳಿಬಿಡಲೇ? ಕೇಳಲಿಲ್ಲ. ಅವನು ಬೇಡವೆಂದಿದ್ದ.

'ತಮ್ಮ ದನಿ ಕೂಡ ನನ್ನ ಹತ್ರ ಇರಬಾರದು ಅಂದ್ಕೊಂಡ್ರಲ್ಲ... ಅಷ್ಟು ಬೇಡವಾದೆನಾ? ಅವರ ಭಾರ ಕೇಳೋಕೆ ಹೋದವಳು ನನ್ನ ಭಾರವನ್ನೇ ಅವರ ಮೇಲೆ ಹಾಕಿ ಬಂದೆ.'

ಆಮೇಲಿನ ತಿಂಗಳುಗಳಲ್ಲಿ ಅವಳು ಹೂಸ್ಟನ್ನಿಗೆ ಹೋಗುತ್ತಲೇ ಇದ್ದಳು, ಬೇರೆ ಮನೆಗಳಿಗೆ. ಪ್ರತಿ ಮನೆಯಲ್ಲೂ ಅದೇ ಮಾತು. ಯಾವಾಗ ಬೇಕಾದರೂ ಹೊರಬರಬಹುದು... ಮಂಗಳಾರತಿ ಆತೇನು ಎಂದು ಕೇಳುವವರು ಇರಲಿಲ್ಲ. ಮರು ವರ್ಷದ ಮೇ ತಿಂಗಳಲ್ಲಿ ಪದವಿ ಬಂತು. ಕಪ್ಪು ಗೌನು ತೊಟ್ಟು ಫೋಟೋ ತೆಗೆಸಿಕೊಳ್ಳಲು ಜೊತೆಗೆ ಯಾರೂ ಇಲ್ಲದೆ, ದಾರಿಹೋಕರೊಬ್ಬರ ಕೈಗೆ ಫೋನು ಕೊಟ್ಟಳು. ಫೋಟೋದಲ್ಲಿ ಅವಳ ಕಣ್ಣು ಮುಚ್ಚಿತ್ತು. ಇನ್ನೊಂದು ತೆಗೆಯಿರಿ ಎನ್ನಲು ನಾಲಿಗೆ ಏಳಲಿಲ್ಲ.

ಆಮೇಲೆ ಡಲ್ಲಾಸ್. ಇನ್ಶೂರೆನ್ಸ್ ಇಲ್ಲದವರು ಬರುವ ಪುಟ್ಟ ಕ್ಲಿನಿಕ್ಕಿನಲ್ಲಿ ಕೆಲಸ. ಕಾರು ಓಡಿಸುವುದನ್ನು ಕಲಿತಳು. ಅಡುಗೆ ಕಲಿತಳು, ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕೆಂಬುದು ಮಾತ್ರ ಬರಲಿಲ್ಲ. ದಿನಾ ಮಿಗುತ್ತಿತ್ತು. ಡೈರಿಯಲ್ಲಿ ಆಶ್ರಿತನ ಹೆಸರು ಬರೆಯುವುದನ್ನು ನಿಲ್ಲಿಸಿದಳು. ಬರೆಯದೆ ಬಿಟ್ಟ ಜಾಗವೇ ಅವನಾಗಿ ಕಾಣುತ್ತಿತ್ತು.

ನವೆಂಬರಿನಲ್ಲಿ ಮಾರ್ಥಾ ಕರೆದರು. ಅಧ್ಯಯನ ಮುಗಿದಿತ್ತು. ತಿಳಿದುಬಂದದ್ದನ್ನು ಆ ಜನರಿಗೇ ಹೋಗಿ ಹೇಳುವ ಸಭೆ, ಕೇಟಿಯ ಲೈಬ್ರರಿಯಲ್ಲಿ. ಭಾರತೀಯ ಮನೆಗಳ ಭಾಗವನ್ನು ಅವಳೇ ಹೇಳಬೇಕು.

"ನನಗೆ ಆಗಲ್ಲ ಪ್ರೊಫೆಸರ್. ಅಷ್ಟು ಜನರ ಮುಂದೆ..."

"ಬಾ. ಸಭೆಗೆ ಯಾರು ಬೇಕಾದರೂ ಬರಬಹುದು, ಬಾಗಿಲು ತೆರೆದಿರುತ್ತದೆ," ಎಂದರು ಮಾರ್ಥಾ. ಆ ಮಾತನ್ನು ಯಾಕೋ ಎರಡು ಸಲ ಹೇಳಿದರು.

ಬೆಳಗ್ಗೆ ಹೊರಟು, ಲಾರಿಗಳ ನಡುವೆ ಜೀವ ಕೈಯಲ್ಲಿ ಹಿಡಿದುಕೊಂಡು ಡಲ್ಲಾಸಿನಿಂದ ಒಬ್ಬಳೇ ಡ್ರೈವ್ ಮಾಡಿಕೊಂಡು ಬಂದಳು. ಸಭೆಯಲ್ಲಿ ಮೈಕು ಹಿಡಿದಳು. ನೋಡಿಕೊಳ್ಳುವವರಿಗೇ ಬಿ.ಪಿ. ಏರಿದ್ದನ್ನು ಹೇಳಿದಳು. ನಿದ್ದೆ ಕೆಟ್ಟಿದ್ದನ್ನು, ಡಾಕ್ಟರ ಬಳಿ ಹೋಗಲು ರಜೆ ಸಿಗದಿದ್ದುದನ್ನು ಹೇಳಿದಳು. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಮಾತಾಡಲು ಜನವಿಲ್ಲದ್ದು ಎಂದಳು.

"ಕೆಲವರು ನಡುವೆ ಹೊರಬಂದರು," ಎಂದಳು, ಬರೆದುಕೊಂಡು ಬಂದದ್ದರಲ್ಲಿ ಇಲ್ಲದ ಮಾತು. "ನಾವು ಕಾರಣ ಕೇಳಲಿಲ್ಲ. ಅವರು ಎಲ್ಲಿದ್ದರೂ... ಚೆನ್ನಾಗಿರಲಿ."

ಚಪ್ಪಾಳೆ. ಜನ ಎದ್ದು ಕಾಫಿಯತ್ತ ಹೊರಟರು. ಆಗ ಹಿಂದಿನ ಸಾಲಿನಿಂದ...

"ಮಂಗಳಾರತಿ ಆತೇನು?"

ಇಂಚರಾ ಥಟ್ಟನೆ ತಲೆಯೆತ್ತಿದಳು! ಗಾಲಿಕುರ್ಚಿಯಲ್ಲಿ ಶಿವಾನಂದ ಅಂಕಲ್. ಮೊದಲಿಗಿಂತ ಕೃಶವಾಗಿದ್ದರು, ನಗು ಹಾಗೇ ಇತ್ತು. ಕುರ್ಚಿಯ ಹಿಂದೆ ಆಶ್ರಿತ್, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಪರೀಕ್ಷೆಗೆ ಬಂದ ಹುಡುಗನ ಹಾಗೆ. ಮಾರ್ಥಾ ಮೆಲ್ಲಗೆ ಬಂದು ಅಂಕಲ್‌ರ ಕುರ್ಚಿಯನ್ನು ಕಾಫಿ ಮೇಜಿನತ್ತ ತಳ್ಳಿಕೊಂಡು ಹೋದರು.

ಇಬ್ಬರೇ ಉಳಿದರು.

"ಚೆನ್ನಾಗಿದೀರಾ?" ಎಂದಳು. ದನಿ ತನ್ನದೆನಿಸಲಿಲ್ಲ.

"ನೀವು ಕಾರಣ ಕೇಳೂದಿಲ್ಲ ಅಂತ ಪ್ರತಿ ಸಲ ಹೇಳ್ತಿದ್ರಿ," ಎಂದ ಅವನು. "ಆದ್ರ ನಾನು ಹೇಳಬಾರದು ಅಂತ ಎಲ್ಲೂ ಹೇಳಿರಲಿಲ್ಲ, ಅಲ್ರೀ?"

ಅವಳು ತುಟಿ ಕಚ್ಚಿಕೊಂಡಳು.

"ಅಧ್ಯಯನದಾಗ ಇರೋತನಕ ನಾನು ನಿಮಗ ಒಂದು ನಂಬರ್. ನಂಬರಿನ ಮ್ಯಾಲೆ ಯಾರಿಗಾದ್ರೂ ಪ್ರೀತಿ ಬರತದೇನ್ರೀ? ಬಂದ್ರೂ ಹೇಳಂಗಿಲ್ಲ, ನಿಮ್ಮ ಪದವಿಗೇ ಕುತ್ತು. ಅದಕ್ಕ ಹೊರಗ ಬಂದೆ. ಮಾರ್ಥಾ ಅವರನ್ನ ಕೇಳಿದೆ, ಇನ್ನು ಇಂಚರಾ ಅವರ ಜೋಡಿ ಮಾತಾಡಬಹುದಾ ಅಂತ. ಅಧ್ಯಯನ ಪೂರಾ ಮುಗಿಯೋತನಕ ಬ್ಯಾಡ ಅಂದ್ರು. ಕಾದೆ."

"ಆದ್ರೆ... ನಿಮ್ಮ ದನಿ? ಎಲ್ಲಾ ಅಳಿಸಿ ಅಂದ್ರಲ್ಲ. ನನ್ನ ಕೈಯಾರೆ ಅಳಿಸಿದೆ!" ವರ್ಷಕ್ಕೂ ಮೇಲೆ ಒಳಗೇ ನಿಂತಿದ್ದ ಮಾತು ಅಳುವಾಗಿ ಹೊರಬಂತು. "ನಾನು ಅವತ್ತು ಅತ್ತಿದ್ದು ನಿಮಗೆ ಹಿಂಸೆ ಆಯ್ತು ಅಂದ್ಕೊಂಡೆ. ನನ್ನ ಕಂಡ್ರೆ ಬೇಡ ಅನ್ನಿಸ್ತು ಅಂದ್ಕೊಂಡೆ..."

"ಅಯ್ಯೋ, ಇಲ್ರೀ!" ಅವನು ಕಂಗಾಲಾದ. "ನೀವು ಅತ್ತಾಗ ನೀರು ಕೊಡೂದು ಬಿಟ್ರ ನನಗೇನೂ ಹಕ್ಕಿರಲಿಲ್ಲ. ಅದು ತಡಕೊಳ್ಳಾಕ ಆಗಲಿಲ್ಲ. ಆ ಮಾತೆಲ್ಲಾ ನಾನು ನಿಮ್ಮ ಕೆಲಸಕ್ಕ ಹೇಳಿದ್ದು. ನಿಮಗ ಅಂತ ಹೇಳಿದ್ದಲ್ಲ. ಅದಕ್ಕ ಅಳಸ್ರಿ ಅಂದೆ. ಮೊದಲಿಂದ ಹೇಳಬೇಕು ಅನಸ್ತು... ಬರೀ ನಿಮಗ." ದನಿ ಇಳಿಯಿತು. "ರೆಕಾರ್ಡರ್ ಇಲ್ಲದಾಗೂ ನೀವು ಕೇಳ್ತೀರೋ ಇಲ್ಲೋ, ಅದೊಂದು ಹೆದರಿಕಿ ಇತ್ತು."

ಇಂಚರಾ ಬಗಲಿನ ಚೀಲವನ್ನು ಕುರ್ಚಿಯ ಮೇಲಿಟ್ಟಳು. ಎರಡೂ ಕೈ ಬರಿದು ಮಾಡಿಕೊಂಡು ಅವನ ಎದುರು ನಿಂತಳು.

"ಹೇಳಿ. ಕೇಳ್ತೀನಿ."

ಅವನ ಕಣ್ಣು ತೇವವಾಯಿತು. "ಮೊದಲ ನಾನು ಒಂದು ಕೇಳ್ತೀನಿ. ಮನಸ್ಸು ಭಾರ ಆದಾಗ ಮಾತಾಡಾಕ ನಿಮಗ ಯಾರದಾರ್ರೀ?"

"ಯಾರೂ ಇರಲಿಲ್ಲ," ಎಂದಳು. ಮೊದಲ ಬಾರಿಗೆ ಅದನ್ನು ಇನ್ನೊಬ್ಬರೆದುರು ಹೇಳಿದ್ದಳು. "ಇವತ್ತಿನ ತನಕ."

ಆಶ್ರಿತ್ ಕೈ ಚಾಚಿದ. ಹಿಟ್ಟು ನಾದಿ ನಾದಿ ಒರಟಾಗಿದ್ದ ಆ ಅಂಗೈಯಲ್ಲಿ ಅವಳ ಬೆರಳುಗಳು ಮೆಲ್ಲಗೆ ಸೇರಿಕೊಂಡವು.

"ಮತ್ತ... ನಿಯಮ ಹೇಳಂಗಿಲ್ಲೇನು? ಯಾವಾಗ ಬೇಕಾದ್ರೂ ಹೊರಗ ಬರಬಹುದು ಅಂತ?"

ಅವಳು ಕಣ್ಣೊರೆಸಿಕೊಂಡು, ಅಳುವಿನ ನಡುವೆಯೇ ನಕ್ಕಳು.

"ಬರಬಹುದು. ಆದ್ರೆ ಈ ಸಲ ಕಾರಣ ಕೇಳ್ತೀನಿ."

"ಕೇಳ್ರಿ," ಎಂದ ಅವನು, ಕೈ ಬಿಡದೆ. "ಹೇಳಾಕ ನನ್ನ ಹತ್ರ ಒಂದೂ ಇರಂಗಿಲ್ಲ."